ಮನೆಯಲ್ಲೇ ಕಲಿಯುವ ಮಗು ಮತ್ತು ನಮ್ಮ ಕಾನೂನು

"ಮಗೂನ ಸ್ಕೂಲಿಗೆ ಕಳಿಸ್ದೆ ಮನೇಲೇ ಇಟ್ಕೊಂಡ್ರೆ ಕೇಸ್ ಹಾಕಲ್ವೇನಮ್ಮ?"

ಮಗಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದಾಗ ನಮ್ಮತ್ತೆ ಕೇಳಿದ್ದು ಇದೊಂದೇ ಪ್ರಶ್ನೆ. ಪಾಠ ಯಾರು ಮಾಡ್ತಾರೆ, ಅವಳಿಗೆ ಸ್ನೇಹಿತರು ಬೇಡ್ವಾ ಎಂದೆಲ್ಲ ಕೇಳಲಿಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಈಗ ಅದೇ ಪ್ರಶ್ನೆಯನ್ನು ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆ. ಹೋಂಸ್ಕೂಲಿಂಗ್ ಮಾಡುವ ಕೆಲವು ಮನೆಯವರು ಆಗಾಗ ಕಬ್ಬನ್ ಪಾರ್ಕಿನಲ್ಲಿ ಸೇರುತ್ತೇವೆ. ಮಕ್ಕಳು ಬಾಲಭವನದ ಕಡೆ ಓಡುತ್ತವೆ. ದೊಡ್ಡವರು ಮರದ ಕೆಳಗೆ ಕೂತರೆ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಹೊಸಬರಿಗೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಬೇಕಿರುತ್ತದೆ.

ನಾನು ವಕೀಲಳಲ್ಲ. ಮಗಳ ವಿಷಯ ಅಂತ ಕಾಯ್ದೆಯನ್ನು ಕೂತು ಓದಿದವಳು, ಅಷ್ಟೇ. ನನಗೆ ಅರ್ಥವಾದದ್ದು ಇದು. ನಮ್ಮಲ್ಲಿ ಹೋಂಸ್ಕೂಲಿಂಗ್ ಮಾಡಬಹುದು ಎಂದು ಬರೆದಿಟ್ಟ ಕಾಯ್ದೆ ಇಲ್ಲ. ಮಾಡಿದ ಅಪ್ಪ ಅಮ್ಮನಿಗೆ ದಂಡ ಹಾಕುವ ಮಾತು ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಇಲ್ಲ. ಆದರೆ ಮಗುವನ್ನು ಶಾಲೆಗೆ ಸೇರಿಸುವುದು ನಿಮ್ಮ ಕರ್ತವ್ಯ ಎಂದು ಆ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ಒಂದನ್ನೇ ಹಿಡಿದುಕೊಂಡು ಧೈರ್ಯ ಮಾಡುವುದೂ ಸರಿಯಲ್ಲ, ಹೆದರುವುದೂ ಸರಿಯಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಶಿಕ್ಷಣ ಮೂಲಭೂತ ಹಕ್ಕು ಎಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ನಮ್ಮ ರಾಜ್ಯದ್ದೇ ಒಂದು ಪ್ರಕರಣದಿಂದ. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನ ಸೀಟಿನ ವಿಷಯ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರ ರಾಜ್ಯದವರಿಂದ 60,000ದವರೆಗೆ ತೆಗೆದುಕೊಳ್ಳಲು ಅವಕಾಶ ಕೊಡಲಾಗಿತ್ತು. ಅದನ್ನು ಪ್ರಶ್ನಿಸಿ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ, 1992ರಲ್ಲಿ, ಬದುಕುವ ಹಕ್ಕಿನೊಳಗೇ ಶಿಕ್ಷಣದ ಹಕ್ಕೂ ಇದೆ ಎಂದು ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ ಎಂದಾಯಿತು. 2002ರಲ್ಲಿ 86ನೇ ತಿದ್ದುಪಡಿಯ ಮೂಲಕ 21ಎ ವಿಧಿ ಸಂವಿಧಾನಕ್ಕೆ ಸೇರಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ. ಅದನ್ನು ಜಾರಿಗೆ ತರಲು 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ನಾವೆಲ್ಲ ಆರ್‌ಟಿಇ ಅನ್ನುವುದು ಇದನ್ನೇ. 2010ರ ಏಪ್ರಿಲ್ 1ರಿಂದ ಎರಡೂ ಜಾರಿಯಲ್ಲಿವೆ.

ಈ ಕಾಯ್ದೆಯ 10ನೇ ಸೆಕ್ಷನ್ ನಮಗೆ ಸಂಬಂಧಪಟ್ಟದ್ದು. ಪ್ರತಿಯೊಬ್ಬ ಪೋಷಕರೂ ತಮ್ಮ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸಬೇಕು, ಅದು ಅವರ ಕರ್ತವ್ಯ. ಅಲ್ಲಿಗೆ ನಿಲ್ಲುತ್ತದೆ. ಸೇರಿಸದಿದ್ದರೆ ಏನು ಎಂದು ಆ ಸೆಕ್ಷನ್ ಹೇಳುವುದಿಲ್ಲ. 8ನೇ ಸೆಕ್ಷನ್ ಓದಿದರೆ 'ಕಡ್ಡಾಯ' ಎಂಬುದರ ಭಾರ ಯಾರ ಮೇಲಿದೆ ಎಂದು ತಿಳಿಯುತ್ತದೆ. ಮಗು ಶಾಲೆಗೆ ಸೇರುವಂತೆ, ದಿನಾ ಬರುವಂತೆ, ಎಂಟನೇ ತರಗತಿವರೆಗೆ ಓದಿ ಮುಗಿಸುವಂತೆ ನೋಡಿಕೊಳ್ಳಬೇಕಾದ್ದು ಸರ್ಕಾರ. ಇದರ ಜೊತೆಗೆ ರಾಜ್ಯದ್ದೇ ಆದ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ. ಜಾರಿಗೆ ಬಂದದ್ದು 1995ರಲ್ಲಿ. ಅದರಲ್ಲೂ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಅಧ್ಯಾಯ ಇದೆ. ಎರಡನ್ನೂ ತರಿಸಿಕೊಂಡು ಓದಿ. ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಮಗುವಿನ ಟಿಸಿ ತೆಗೆದುಕೊಂಡು ಬರಬೇಡಿ.

ಆರ್‌ಟಿಇಯಲ್ಲಿ ಪೋಷಕರಿಗೆ ದಂಡ ಇಲ್ಲ ಎಂದೆ. ಆದರೆ ಅದೇ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ದೊಡ್ಡ ದಂಡವೇ ಇದೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದವರಿಗೆ 1 ಲಕ್ಷ ರೂಪಾಯಿವರೆಗೆ. ಮುಂದುವರಿಸಿದರೆ ದಿನಕ್ಕೆ 10,000. ಇದನ್ನು ಬೆಂಗಳೂರಿನವರು ಗಮನವಿಟ್ಟು ಓದಬೇಕು. ಇಲ್ಲಿ ನಾಲ್ಕು ಮನೆಯವರು ಸೇರಿ ಒಂದು ಬಾಡಿಗೆ ಮನೆ ಹಿಡಿಯುತ್ತಾರೆ. ಒಬ್ಬ ಟೀಚರ್ ಬರುತ್ತಾರೆ. ಆಮೇಲೆ ಹತ್ತು ಮಕ್ಕಳಾಗುತ್ತವೆ, ತಿಂಗಳಿಗೆ ಇಷ್ಟು ಫೀಸು ಎಂದಾಗುತ್ತದೆ, ಗೇಟಿಗೆ 'ಲರ್ನಿಂಗ್ ಸೆಂಟರ್' ಎಂಬ ಬೋರ್ಡ್ ಬೀಳುತ್ತದೆ. ಆ ಹೊತ್ತಿಗೆ ಅದು ನಿಮ್ಮ ಮನೆಯ ಕಲಿಕೆಯಾಗಿ ಉಳಿದಿರುವುದಿಲ್ಲ. ಇಲಾಖೆಯವರು ಬಂದು ಇದು ಶಾಲೆ, ಮಾನ್ಯತೆ ಎಲ್ಲಿ ಎಂದರೆ ಉತ್ತರ ಕೊಡುವುದು ಕಷ್ಟ. ಅಂಥ ಜಾಗಗಳಲ್ಲಿ ಒಳ್ಳೆಯ ಕೆಲಸ ನಡೆಯುವುದನ್ನು ನಾನೇ ನೋಡಿದ್ದೇನೆ. ಆದರೂ ಸೇರಿಸುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಕೇಂದ್ರ ಸರ್ಕಾರದ ನಿಲುವಾದರೂ ಸ್ಪಷ್ಟವಾಗಿದೆಯಾ ಎಂದರೆ ಅದೂ ಇಲ್ಲ. ಮನೆಯಲ್ಲೇ ಓದುತ್ತಿದ್ದ ಹುಡುಗಿಯೊಬ್ಬಳ ಅರ್ಜಿ ದೆಹಲಿ ಹೈಕೋರ್ಟಿನಲ್ಲಿತ್ತು. ಅದರಲ್ಲಿ 2012ರಲ್ಲಿ ಸರ್ಕಾರ ಅಫಿಡವಿಟ್ ಸಲ್ಲಿಸಿತು. ಸ್ವಂತ ಇಷ್ಟದಿಂದ ಹೋಂಸ್ಕೂಲಿಂಗ್ ಮಾಡುವವರು ಮುಂದುವರಿಸಬಹುದು, ಆರ್‌ಟಿಇ ಅದಕ್ಕೆ ಅಡ್ಡ ಬರುವುದಿಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ಇವತ್ತಿಗೂ ಅನೇಕರು ಮೊದಲ ಅಫಿಡವಿಟ್‌ನ ಸಾಲುಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿರುತ್ತಾರೆ. ಅರ್ಧ ಕಥೆ ಅದು. ಅದನ್ನು ನೆಚ್ಚಿಕೊಳ್ಳಬೇಡಿ.

ಒಂದೇ ಒಂದು ಕಡೆ ಕಾಯ್ದೆ ಮನೆಯ ಕಲಿಕೆಯನ್ನು ಬಾಯಿಬಿಟ್ಟು ಒಪ್ಪಿದೆ. ಬಹುವಿಧ ಅಥವಾ ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆ ಆಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಅದು ಆ ಮಕ್ಕಳ ಹಕ್ಕು. ಶಾಲೆಯವರು ಮಗುವನ್ನು ಹೊರಗಿಡಲು ಬಳಸುವ ನೆಪ ಆಗಬಾರದು.

ಹೋದ ಸಲ ಮಕ್ಕಳ ಸಮೀಕ್ಷೆಗೆ ನಮ್ಮ ಮನೆಗೆ ಬಂದವರು ಸರ್ಕಾರಿ ಶಾಲೆಯ ಟೀಚರ್. ಬಿಸಿಲಲ್ಲಿ ಬೀದಿ ಪೂರ್ತಿ ಸುತ್ತಿ ಬಂದಿದ್ದರು. ನೀರು ಕುಡಿದು, ತೊಡೆ ಮೇಲೆ ಹಾಳೆ ಇಟ್ಟುಕೊಂಡು ಕೇಳಿದರು.

"ಮಗು ಯಾವ ಸ್ಕೂಲು ಮೇಡಂ?"

"ಮನೇಲೇ ಕಲೀತಾಳೆ ಟೀಚರ್."

ಪೆನ್ನು ನಿಂತಿತು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಅವಳನ್ನು ಹತ್ತಿರ ಕರೆದು, ಮೇಜಿನ ಮೇಲಿದ್ದ ಪೇಪರ್ ಕೊಟ್ಟು ಓದು ಪುಟ್ಟ ಎಂದರು. ಅವಳು ಓದಿದಳು. ಕ್ರಿಕೆಟ್ ಸುದ್ದಿ. 'ಶುಶ್ರೂಷೆ' ಅನ್ನುವಲ್ಲಿ ತಡವರಿಸಿದಳು, ಟೀಚರೇ ಬಿಡಿಸಿ ಹೇಳಿಕೊಟ್ಟರು. ಆಮೇಲೆ ನೂರಕ್ಕೆ ಮೂವತ್ತೇಳು ಕಮ್ಮಿ ಮಾಡಿದರೆ ಎಷ್ಟು ಎಂದರು. ಬಾಯಲ್ಲೇ ಹೇಳಿದಳು. ಟೀಚರ್ ನಕ್ಕರು. ಆದರೆ ಹಾಳೆಯ ಮೇಲೆ ಬರೆಯುವಾಗ ಅವರ ಮುಖ ಗಂಭೀರವಾಯಿತು.

"ಮೇಡಂ, ನಾವು ಹುಡುಕ್ತಿರೋದು ಇವಳನ್ನಲ್ಲ. ನಿಮ್ಮ ಬೀದಿ ಕೊನೇಲಿ ಅಪಾರ್ಟ್‌ಮೆಂಟ್ ಏಳ್ತಿದೆಯಲ್ಲ, ಅಲ್ಲಿ ಶೆಡ್‌ನಲ್ಲಿ ಒಂದು ಹುಡುಗಿ ಇದಾಳೆ. ಇದೇ ವಯಸ್ಸು. ಯಾದಗಿರಿ ಕಡೆಯವರು. ತಮ್ಮನ್ನ ಎತ್ಕೊಂಡು ನಿಂತಿದ್ಲು. ಅವಳಿಗಾಗಿ ನಾವು ತಿರುಗೋದು. ಆದ್ರೆ ನನ್ನ ಹಾಳೇಲಿ ನಿಮ್ಮ ಮಗೂಗೂ ಅವಳಿಗೂ ಒಂದೇ ಕಾಲಂ ಇರೋದು. ಶಾಲೆಯಿಂದ ಹೊರಗುಳಿದ ಮಗು."

ಆ ಹುಡುಗಿಯನ್ನು ನಾನೂ ನೋಡಿದ್ದೆ. ಹಾಲಿಗೆ ಹೋಗುವಾಗ ದಿನಾ ಕಾಣುತ್ತಿದ್ದಳು.

ಆವತ್ತಿನಿಂದ ಕಾಯ್ದೆಯನ್ನು ನಾನು ಓದುವ ರೀತಿ ಬೇರೆಯಾಗಿದೆ. 10ನೇ ಸೆಕ್ಷನ್ ನಮ್ಮಂಥವರ ಮನೆಗೆ ತಲೆಹಾಕಲು ಬರೆದದ್ದಲ್ಲ. ಇಟ್ಟಿಗೆ ಹೊರುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಹದಿನಾಲ್ಕಕ್ಕೇ ಮದುವೆಯ ಮಾತು ಕೇಳುವ ಮಕ್ಕಳಿಗಾಗಿ ಬರೆದದ್ದು. ಹೋಂಸ್ಕೂಲಿಂಗ್ ಮಾಡುವವರಲ್ಲಿ ಕೆಲವರು ಆ ಸೆಕ್ಷನ್ನನ್ನೇ ತೆಗೆಯಬೇಕು, ಮಗು ನಮ್ಮದು, ಕೇಳೋಕೆ ಸರ್ಕಾರ ಯಾರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಕಲಿಯುತ್ತಾಳೆ ಎಂಬ ಒಂದು ಮಾತು ಸಾಕು ಎಂದಾದರೆ ಆ ಶೆಡ್ಡಿನ ಮೇಸ್ತ್ರಿಯೂ ಅದನ್ನೇ ಹೇಳುತ್ತಾನೆ. 'ಮನೇಲೇ ಓದ್ತಾಳೆ ಸಾರ್' ಎಂದರೆ ಟೀಚರ್ ಹಾಳೆ ಮಡಚಿಕೊಂಡು ಹೋಗಬೇಕಾಗುತ್ತದೆ. ನನ್ನ ಅನುಕೂಲಕ್ಕೆ ಅವಳ ಹಕ್ಕು ಕಳೆಯುವುದು ನನಗೆ ಬೇಡ. 21ಎ ವಿಧಿಯಲ್ಲಿರುವ ಹಕ್ಕು ಮಗುವಿನದು. ಅಪ್ಪ ಅಮ್ಮನದಲ್ಲ. ನನ್ನ ಮಗಳ ವಿಷಯದಲ್ಲೂ ಅಷ್ಟೇ.

ಹಾಗಾದರೆ ದಾರಿ ಏನು? ಬೇರೆ ಕಡೆ ಏನು ಮಾಡುತ್ತಾರೆ ನೋಡೋಣ. ಅಮೆರಿಕದಲ್ಲಿ ಹೋಂಸ್ಕೂಲಿಂಗ್ ಎಲ್ಲ ರಾಜ್ಯಗಳಲ್ಲೂ ಕಾನೂನಿನ ಒಳಗೇ ಇದೆ. ಆದರೆ ನಿಯಮ ರಾಜ್ಯಕ್ಕೊಂದು. ನನ್ನ ನಾದಿನಿ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಅಲ್ಲಿ ಪ್ರತಿ ವರ್ಷ ಸ್ಥಳೀಯ ಶಾಲಾ ಆಡಳಿತಕ್ಕೆ ಅಫಿಡವಿಟ್ ಕೊಡಬೇಕು. ವರ್ಷಕ್ಕೆ 180 ದಿನ, ಅಥವಾ ಚಿಕ್ಕ ತರಗತಿಯಾದರೆ 900 ಗಂಟೆ, ದೊಡ್ಡದಾದರೆ 990 ಗಂಟೆ ಕಲಿಸಬೇಕು. ಮಗು ಮಾಡಿದ ಕೆಲಸವನ್ನೆಲ್ಲ ಫೈಲು ಮಾಡಿಡಬೇಕು. ವರ್ಷದ ಕೊನೆಗೆ ಅರ್ಹತೆ ಇರುವ ಒಬ್ಬರು ಮಗುವಿನ ಜೊತೆ ಮಾತಾಡಿ, ಫೈಲು ನೋಡಿ ಬರೆದುಕೊಡಬೇಕು. 3, 5, 8ನೇ ತರಗತಿಯಲ್ಲಿ ಪರೀಕ್ಷೆಯೂ ಇದೆ. ಟೆಕ್ಸಾಸ್‌ನಲ್ಲಿ ಇದ್ಯಾವುದೂ ಇಲ್ಲ. ಯಾರಿಗೂ ತಿಳಿಸಬೇಕೆಂದಿಲ್ಲ. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕರಾಗುವುದು, ಇಷ್ಟನ್ನು ಪ್ರಾಮಾಣಿಕವಾಗಿ ಕಲಿಸಿದರೆ ಆಯಿತು. ಜರ್ಮನಿಯಲ್ಲಿ ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಕಲಿಸುವಂತಿಲ್ಲ. ಪೆನ್ಸಿಲ್ವೇನಿಯಾದ್ದು ತಲೆನೋವು ಎಂದು ನನ್ನ ನಾದಿನಿ ಗೊಣಗುತ್ತಾಳೆ. ನನಗೆ ಆ ತಲೆನೋವೇ ಇಷ್ಟ. ಎಲ್ಲಿ ನಿಂತಿದ್ದೇವೆ ಎಂದು ಅವಳಿಗೆ ಗೊತ್ತು.

ನಮಗೆ ಅಂಥ ನಿಯಮ ಇಲ್ಲದ ಕಾರಣ ನಾವೇ ಕಟ್ಟುನಿಟ್ಟು ಮಾಡಿಕೊಳ್ಳಬೇಕು. ಮೊದಲು, ಮಗು ಯಾವಾಗ ಬೇಕಾದರೂ ಶಾಲೆಗೆ ವಾಪಸ್ ಹೋಗುವಂತಿರಬೇಕು. ಆರ್‌ಟಿಇಯ 4ನೇ ಸೆಕ್ಷನ್ ಇದಕ್ಕೆ ದೊಡ್ಡ ಆಸರೆ. ಆರು ವರ್ಷ ದಾಟಿದ ಮಗು ಎಲ್ಲೂ ಸೇರಿಲ್ಲದಿದ್ದರೆ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಟಿಸಿ ತಡವಾಯಿತು ಎಂದೂ ಸೇರಿಸಿಕೊಳ್ಳದೆ ಇರುವಂತಿಲ್ಲ. ಹೀಗಾಗಿ ಹತ್ತಿರದ ಸರ್ಕಾರಿ ಶಾಲೆ ಎಂಟನೇ ತರಗತಿವರೆಗೆ ನಿಮ್ಮ ಮಗುವಿಗೂ ತೆರೆದೇ ಇದೆ. ಅದನ್ನು ಗೌರವದಿಂದ ನೋಡಿ. ಆ ಶಾಲೆಯ ಹೆಡ್‌ಮೇಷ್ಟ್ರ ಪರಿಚಯ ಮಾಡಿಕೊಳ್ಳಿ. ಒಂಬತ್ತಕ್ಕೆ ಬಂದಾಗ ಬಿಗಿಯಾಗುತ್ತದೆ. ಸಿಬಿಎಸ್‌ಇ ಶಾಲೆಯಾದರೆ ಮಾನ್ಯತೆ ಇರುವ ಶಾಲೆಯಲ್ಲಿ ಎಂಟನೆಯದು ಪಾಸಾದ ದಾಖಲೆ ಕೇಳುತ್ತಾರೆ.

ಶಾಲೆಗೆ ಹೋಗದೆಯೂ ಹತ್ತನೇ ತರಗತಿ ಮುಗಿಸಬಹುದು. ನಮ್ಮ ಗುಂಪಿನ ಹೆಚ್ಚಿನವರು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಹಿಡಿಯುತ್ತಾರೆ. 1989ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದೇ ಬೋರ್ಡು. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೂ ಇದೆ. ಚಿಕ್ಕವರಿಗೆ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಅವು 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಹಿಂದಿನ ಶಾಲೆಯ ಸರ್ಟಿಫಿಕೇಟ್ ಇಲ್ಲದಿದ್ದರೆ, ಈ ಕೋರ್ಸಿಗೆ ಬೇಕಾದಷ್ಟು ಓದಿದ್ದೇನೆ ಎಂದು ತಾನೇ ಬರೆದುಕೊಟ್ಟರೆ ಸಾಕು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವನ್ನೂ ತೆಗೆದುಕೊಳ್ಳಬಹುದು. ಒಂದು ಸಲ ನೋಂದಾಯಿಸಿದರೆ ಐದು ವರ್ಷ ಸಮಯ, ಒಂಬತ್ತು ಅವಕಾಶ. ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಗಣಿತ ಅಂದರೆ ಕೈ ಬೆವರುವ ಮಕ್ಕಳಿಗೆ ಇದೆಷ್ಟು ದೊಡ್ಡ ನೆಮ್ಮದಿ ಅಂತ ಆ ಮನೆಯವರಿಗೆ ಗೊತ್ತು. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೂ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಮುಕ್ತ ಶಾಲೆಯಲ್ಲಿ ಓದಿದವರು ಡಾಕ್ಟರಾಗುವಂತಿಲ್ಲ ಅನ್ನುವ ಭಯ ಇನ್ನೂ ಇದೆ. 2018ರಲ್ಲಿ ನೀಟ್ ಬರೆಯಲು ಅವರನ್ನು ಬಿಡುವುದಿಲ್ಲ ಎಂದದ್ದು ನಿಜ. ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವರಿಗೆ ಅವಕಾಶ ಉಂಟು ಎಂದು ಇತ್ಯರ್ಥವಾಯಿತು.

ಆದರೆ ನೀಟ್‌ಗಿಂತ ಮುಂಚೆ ಕರ್ನಾಟಕದವರು ನೋಡಬೇಕಾದದ್ದು ಸಿಇಟಿ, ಅಂದರೆ ಎಂಜಿನಿಯರಿಂಗಿನಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ. ಇದನ್ನು ಯಾರೂ ಹೇಳುವುದಿಲ್ಲ ಅಂತ ನನಗೆ ಬೇಜಾರು. ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆಯ ಮುಖ್ಯ ನಿಯಮ ಹೀಗಿದೆ. ಒಂದರಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿರಬೇಕು, ಜೊತೆಗೆ ಹತ್ತನೆಯದೋ ಹನ್ನೆರಡನೆಯದೋ ಇಲ್ಲೇ ಪಾಸಾಗಿರಬೇಕು. ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಮೇಲುರುಜು ಹಾಕಿದ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಕನ್ನಡದಲ್ಲೇ ಮಗ್ಗಿ ಕಲಿತ ಮಗು ಮನೆಯಲ್ಲಿ ಓದಿದ ವರ್ಷಗಳಿಗೆ ಆ ಪತ್ರ ಕೊಡುವವರು ಯಾರು? ಅರ್ಹತೆಗೆ ಬೇರೆ ನಿಯಮಗಳೂ ಇವೆ. ಉದಾಹರಣೆಗೆ, ಅಪ್ಪ ಅಥವಾ ಅಮ್ಮ ಏಳು ವರ್ಷ ಇಲ್ಲಿ ಓದಿದ್ದು, ಮಗು ಪಿಯುಸಿ ಎರಡೂ ವರ್ಷ ಇಲ್ಲೇ ಮಾಡಿದ್ದರೆ ನಡೆಯುತ್ತದೆ. ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಎಂದು ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಲೆಕ್ಕ ಹಾಕಿದರೆ, ಆರನೇ ತರಗತಿಗೆ ಶಾಲೆ ಸೇರಿದ ಮಗುವಿಗೆ ದ್ವಿತೀಯ ಪಿಯುಸಿ ಹೊತ್ತಿಗೆ ಏಳು ವರ್ಷ ತುಂಬುತ್ತದೆ. ನಾವು ಐದನೆಯದರ ಕೊನೆಗೆ ಮಗಳನ್ನು ಕೂರಿಸಿಕೊಂಡು ಕೇಳಬೇಕು ಎಂದುಕೊಂಡಿದ್ದೇವೆ. ಅವಳು ಎಂಜಿನಿಯರ್ ಆಗಲಿ ಎಂಬ ಆಸೆಯಿಂದಲ್ಲ. ಆಗಬೇಕು ಎಂದು ಅವಳಿಗೆ ಹದಿನೇಳರಲ್ಲಿ ಅನ್ನಿಸಿದರೆ, ಅವಳ ಹತ್ತನೇ ವಯಸ್ಸಿನಲ್ಲಿ ಅಪ್ಪ ಅಮ್ಮ ಮಾಡಿದ ತೀರ್ಮಾನ ಅವಳಿಗೆ ಅಡ್ಡ ನಿಲ್ಲಬಾರದು.

ಕನ್ನಡದ ಮಾತು ಬಂತಲ್ಲ. ಪ್ರಾಥಮಿಕ ಹಂತದಲ್ಲಿ ಯಾವ ಮಾಧ್ಯಮದಲ್ಲಿ ಕಲಿಯಬೇಕು ಎಂದು ಆರಿಸುವ ಹಕ್ಕು ಮಗುವಿನ ಪರವಾಗಿ ಪೋಷಕರಿಗೆ ಇದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ಕರ್ನಾಟಕದ್ದೇ ಪ್ರಕರಣ. ಆ ತೀರ್ಪಿನ ಬಲದಿಂದ ಊರೆಲ್ಲ ಇಂಗ್ಲಿಷಿಗೆ ಹೋಯಿತು ಎಂದು ನನಗೆ ಸಂಕಟ ಇದೆ. ನಾವು ಅದೇ ಹಕ್ಕನ್ನು ಕನ್ನಡಕ್ಕೆ ಬಳಸಿದೆವು. ಅತ್ತೆಯವರು ಬೆಳಿಗ್ಗೆ ಸೊಪ್ಪು ಸೋಸುತ್ತಾ ಕಾಗುಣಿತ ಹೇಳಿಸುತ್ತಾರೆ. ಕೇಸ್ ಹಾಕಲ್ವಾ ಎಂದು ಕೇಳಿದವರೇ ಈಗ ಒತ್ತಕ್ಷರದ ಮೇಷ್ಟ್ರು.

ಇನ್ನು ಕಾಗದ ಪತ್ರದ ವಿಷಯ. ಜನನ ಪ್ರಮಾಣಪತ್ರ, ಮುಂಚೆ ಶಾಲೆಯಲ್ಲಿದ್ದರೆ ಟಿಸಿ, ವರ್ಷವಾರು ಓದಿದ ಪುಸ್ತಕಗಳ ಪಟ್ಟಿ, ಮಗುವಿನ ಕೈಬರಹದ ಹಾಳೆಗಳು, ಎಲ್ಲಕ್ಕೂ ತಾರೀಖು. ಯಾರೂ ಕೇಳಲಿಲ್ಲ ಎಂದು ಬಿಡಬೇಡಿ. ಕೇಳುವ ದಿನ ಹುಡುಕಿದರೆ ಸಿಗುವುದಿಲ್ಲ.

ಸರ್ಕಾರಕ್ಕೆ ತಿಳಿಸಬೇಕಾ, ಸುಮ್ನೆ ಇರಬೇಕಾ ಎಂಬ ಬಗ್ಗೆ ನಮ್ಮ ಗುಂಪಿನಲ್ಲೇ ಎರಡು ಅಭಿಪ್ರಾಯ. ತಿಳಿಸಿದರೆ ನಾವೇ ಮೈಮೇಲೆ ಎಳೆದುಕೊಂಡಂತೆ ಅನ್ನುವವರೇ ಜಾಸ್ತಿ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ತಿಳಿಸುವುದೇ ಸರಿ ಎಂದು ನನಗನ್ನಿಸುತ್ತದೆ. ಬಚ್ಚಿಟ್ಟುಕೊಂಡು ಮಾಡಿದರೆ ನಿಯಮ ಯಾವತ್ತೂ ಬರುವುದಿಲ್ಲ. ನನಗೆ ಬೇಕಾದ ನಿಯಮ ದೊಡ್ಡದೇನಲ್ಲ. ಬಿಇಒ ಕಚೇರಿಯಲ್ಲಿ ಒಂದು ಅರ್ಜಿ, ಮಗುವಿನ ಹೆಸರಿಗೊಂದು ನೋಂದಣಿ ಸಂಖ್ಯೆ, ವರ್ಷಕ್ಕೊಮ್ಮೆ ಒಬ್ಬ ಟೀಚರ್ ಬಂದು ನಾವಿಲ್ಲದೆ ಮಗುವಿನ ಜೊತೆ ಮಾತಾಡುವುದು, ಸಮೀಕ್ಷೆಯ ಹಾಳೆಯಲ್ಲಿ ಇನ್ನೊಂದು ಕಾಲಂ. ಮಗು ಕಲಿಯುತ್ತಿಲ್ಲ ಎಂದು ಕಂಡರೆ ಶಾಲೆಗೆ ಸೇರಿಸಿ ಎಂದು ಹೇಳುವ ಅಧಿಕಾರವೂ ಆ ಟೀಚರಿಗೆ ಇರಲಿ.

ನಾವು ಹೋಂಸ್ಕೂಲಿಂಗ್ ಮಾಡುತ್ತಿದ್ದೇವೆ ಎಂದು ಬರೆದು ಬಿಇಒ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬಂದಿದ್ದೇವೆ. ಉತ್ತರ ಬಂದಿಲ್ಲ. ನೀವೂ ಬರೆಯುವುದಾದರೆ ಇಷ್ಟು ಸಾಕು: ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ಯಾವ ವಿಷಯ ಯಾವ ಭಾಷೆಯಲ್ಲಿ ಕಲಿಸುತ್ತಿದ್ದೀರಿ, ಮುಂದೆ ಯಾವ ಬೋರ್ಡಿನ ಪರೀಕ್ಷೆ ಬರೆಸುವ ಯೋಚನೆ ಇದೆ, ಯಾವಾಗ ಬೇಕಾದರೂ ಬಂದು ನೋಡಬಹುದು ಎಂಬ ಒಂದು ಸಾಲು, ಕೊನೆಗೆ ಅಪ್ಪ ಅಮ್ಮ ಇಬ್ಬರ ಸಹಿ. ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿಸಿ.